ಕಂಪಲ್ಶನ್, ಕೊಯರ್ಶನ್ ಮತ್ತು ನಮ್ಮ ಮಕ್ಕಳ ತರಗತಿ

ಹೆತ್ತವರೇ, ನಮ್ಮ ಮನವಿಪತ್ರಗಳಲ್ಲಿ ‘ಕಡ್ಡಾಯ’, ‘ಹೇರಿಕೆ’, ‘ಬಲವಂತ’ ಎಂಬ ಪದಗಳು ಒಂದೇ ಅರ್ಥದಲ್ಲಿ ಬಳಕೆಯಾಗುತ್ತ ಬಂದಿವೆ. ಇಂಗ್ಲಿಷಿನ ಕಂಪಲ್ಶನ್ ಮತ್ತು ಕೊಯರ್ಶನ್ ಪದಗಳ ನಡುವೆ ಮಾತ್ರ ಒಂದು ಅಂತರವಿದೆ. ಎರಡೂ ಲ್ಯಾಟಿನ್ ಮೂಲದವು. ಮೊದಲನೆಯದರ ಧಾತುವಿಗೆ ‘ಅಟ್ಟು’ ಎಂದರ್ಥ. ಎರಡನೆಯದಕ್ಕೆ ‘ಸುತ್ತುಗಟ್ಟಿ ತಡೆ’ ಎಂದರ್ಥ. ದನವನ್ನು ಕೋಲು ಹಿಡಿದು ಹಟ್ಟಿಗೆ ಅಟ್ಟುವುದು ಒಂದು. ಉಳಿದೆಲ್ಲ ದಾರಿಗೂ ಬೇಲಿ ಹಾಕಿ, ಅದು ತಾನಾಗಿಯೇ ಹಟ್ಟಿ ಹೊಕ್ಕಿತು ಎನ್ನುವುದು ಇನ್ನೊಂದು.

ಕಂಪಲ್ಶನ್ ಎಲ್ಲ ಸಂದರ್ಭದಲ್ಲೂ ದೋಷವಲ್ಲ. 2009ರ ಶಿಕ್ಷಣ ಹಕ್ಕು ಕಾಯಿದೆಯ ಹೆಸರಿನಲ್ಲೇ ‘ಕಡ್ಡಾಯ’ ಇದೆ. ಕೊಯರ್ಶನ್ ಎಂದಾಗ ಆಕ್ಷೇಪ ಪದದೊಳಗೇ ಇರುತ್ತದೆ. 1872ರ ಕರಾರು ಕಾಯಿದೆಯ ಪ್ರಕಾರ, ಬೆದರಿಸಿ ಪಡೆದ ಸಮ್ಮತಿ ಮುಕ್ತ ಸಮ್ಮತಿಯಲ್ಲ. ಗಮನಿಸಿ: ಅಲ್ಲಿಯೂ ಕಾಗದದ ಮೇಲೆ ಸಹಿಯಿರುತ್ತದೆ.

1956ರ ನವೆಂಬರ್ 1ರಂದು ದಕ್ಷಿಣ ಕನ್ನಡದ ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತು. ಅದೇ ವರ್ಷ ಸಂವಿಧಾನಕ್ಕೆ ಬಂದ 350ಎ ವಿಧಿ, ಅಲ್ಪಸಂಖ್ಯಾತ ಮಕ್ಕಳ ಪ್ರಾಥಮಿಕ ಶಿಕ್ಷಣಕ್ಕೆ ಮಾತೃಭಾಷೆಯಲ್ಲಿ ಸೌಲಭ್ಯ ಒದಗಿಸಲು ರಾಜ್ಯಗಳು ‘ಪ್ರಯತ್ನಿಸಬೇಕು’ ಎಂದಿತು. ಈ ‘ಪ್ರಯತ್ನ’ ಎಂಬ ಮೃದು ಪದದ ಬೆಲೆಯನ್ನು ನಮ್ಮ ಮೂರು ತಲೆಮಾರು ತೆತ್ತಿದೆ. 2017ರಲ್ಲಿ ಕೇರಳ ವಿಧಾನಸಭೆ ಹತ್ತನೆಯ ತರಗತಿಯವರೆಗೆ ಮಲಯಾಳ ಕಲಿಕೆಯನ್ನು ಕಡ್ಡಾಯಗೊಳಿಸಿತು. ಇದು ಕಂಪಲ್ಶನ್. ಅದಕ್ಕೆ ದಿನಾಂಕವಿದೆ, ಕಲಮಿದೆ. ಅದನ್ನು ಬೀದಿಯಲ್ಲೂ ನ್ಯಾಯಾಲಯದಲ್ಲೂ ಪ್ರಶ್ನಿಸಬಹುದು. ಉತ್ತರ ನಮ್ಮ ಪರವಾಗಿಯೇ ಬರುತ್ತದೆಂದಲ್ಲ: ಮಹಾರಾಷ್ಟ್ರದ ಗುಜರಾತಿ ಶಾಲೆಗಳಲ್ಲಿ ಮರಾಠಿ ಕಡ್ಡಾಯವನ್ನು ಸುಪ್ರೀಂ ಕೋರ್ಟು 2004ರಲ್ಲಿ ಎತ್ತಿಹಿಡಿಯಿತು. ಕಲಿಕೆಯ ಮಾಧ್ಯಮವನ್ನು ಹೇರುವುದು ಬೇರೆ ಮಾತು. 2014ರಲ್ಲಿ ಅದೇ ನ್ಯಾಯಾಲಯ ಕರ್ನಾಟಕದ ಮಾಧ್ಯಮ ನೀತಿಯನ್ನು ತಳ್ಳಿಹಾಕಿತು. (ಬೆಂಗಳೂರಿನ ಕಡ್ಡಾಯಕ್ಕೆ ಚಪ್ಪಾಳೆ ತಟ್ಟಿ, ತಿರುವನಂತಪುರದ ಕಡ್ಡಾಯಕ್ಕೆ ಮಾತ್ರ ಕಣ್ಣೀರಿಡುವವರ ವಾದ ನನಗೆ ಒಪ್ಪಿಗೆಯಿಲ್ಲ.)

ನನ್ನ ಆತಂಕ ಬೇಲಿಯ ಕುರಿತಾದದ್ದು. ಕನ್ನಡ ಮಾಧ್ಯಮದ ತರಗತಿಗೆ ಕನ್ನಡ ತಿಳಿಯದ ಅಧ್ಯಾಪಕರ ನೇಮಕವಾಗುತ್ತದೆ. ಮಗುವಿಗೆ ಗಣಿತ ಅರ್ಥವಾಗುವುದಿಲ್ಲ. ‘ಮಲಯಾಳಕ್ಕೆ ಬನ್ನಿ’ ಎಂದು ಯಾರೂ ಹೇಳಿಲ್ಲ, ಯಾವ ಕಲಮೂ ವಿಧಿಸಿಲ್ಲ. ನೀವೇ ಶಾಲೆಗೆ ಹೋಗಿ ಮಾಧ್ಯಮ ಬದಲಾವಣೆಗೆ ಸಹಿ ಹಾಕುತ್ತೀರಿ. ದಾಖಲೆಯಲ್ಲಿ ಉಳಿಯುವುದು ಒಂದೇ: ಹೆತ್ತವರ ಇಚ್ಛೆ. ಮುಂದೆ ‘ಮಕ್ಕಳಿಲ್ಲ’ ಎಂಬ ಕಾರಣಕ್ಕೆ ಆ ಡಿವಿಷನ್ ನಿಂತುಹೋಗುತ್ತದೆ. ಬೆದರಿಸಿದವರಿಲ್ಲದ ಕಾರಣ 1872ರ ವ್ಯಾಖ್ಯೆಗೆ ಇದು ಒಳಪಡದು. ಪದದ ಧಾತ್ವರ್ಥಕ್ಕೆ ಮಾತ್ರ ಅಕ್ಷರಶಃ ಹೊಂದುತ್ತದೆ.

ಆದ್ದರಿಂದ ಸಹಿ ಹಾಕುವುದು ಅನಿವಾರ್ಯವಾದರೆ, ‘ಇಚ್ಛೆಯಿಂದ’ ಎಂದು ಬರೆಯಬೇಡಿ. ಯಾವ ತರಗತಿಗೆ, ಯಾವ ವಿಷಯಕ್ಕೆ, ಎಂದಿನಿಂದ ಕನ್ನಡ ಬಲ್ಲ ಅಧ್ಯಾಪಕರಿಲ್ಲ ಎಂಬುದನ್ನು ಅದೇ ಅರ್ಜಿಯಲ್ಲಿ ಕಾಣಿಸಿ, ಒಂದು ಪ್ರತಿಯನ್ನು 350ಬಿ ವಿಧಿಯನ್ವಯ ನೇಮಕಗೊಳ್ಳುವ ಭಾಷಾ ಅಲ್ಪಸಂಖ್ಯಾತರ ಆಯುಕ್ತರಿಗೂ ಕಳುಹಿಸಿ.