ಬೇಸಗೆಯ ಗೃಹಕೃತ್ಯಗಳ ಚರಿತ್ರೆ

ಚರಿತ್ರೆಯೆಂದೊಡನೆ ನಮ್ಮ ಮನಸ್ಸು ಅರಮನೆಗಳ ಕಡೆಗೂ ರಣರಂಗಗಳ ಕಡೆಗೂ ಓಡುವುದು ವಾಡಿಕೆಯಾಗಿದೆ. ಶಾಸನಗಳಲ್ಲಿ ದತ್ತಿಯನ್ನು ಬಿಟ್ಟ ಅರಸನ ಬಿರುದಾವಳಿಯುಂಟು, ಭೂಮಿಯ ಎಲ್ಲೆಕಟ್ಟುಗಳ ವಿವರವುಂಟು, ದತ್ತಿಯನ್ನಪಹರಿಸಿದವನಿಗೆ ಶಾಪವೂ ಉಂಟು. ಆದರೆ ಆ ಭೂಮಿಯ ಧಾನ್ಯವು ಮನೆಗೆ ಬಂದ ಮೇಲೆ ಅದನ್ನು ಕುಟ್ಟಿ, ಬೀಸಿ, ಒಣಗಿಸಿ, ಮಳೆಗಾಲವು ಕಳೆಯುವವರೆಗೆ ಹುಳು ಬೂಷ್ಟುಗಳಿಂದ ಕಾಪಾಡಿದವರು ಯಾರೆಂಬುದನ್ನು ಶಿಲೆಗಳಲ್ಲಿ ಹುಡುಕುವುದು ವ್ಯರ್ಥಪ್ರಯಾಸವೇ ಸರಿ. ಯುಗಾದಿಯಿಂದ ಮೃಗಶಿರೆಯ ಮಳೆಯವರೆಗೆ ನಮ್ಮ ಮನೆಗಳಲ್ಲಿ ನಡೆದು ಬಂದಿರುವ ಹಪ್ಪಳ, ಸಂಡಿಗೆ, ಉಪ್ಪಿನಕಾಯಿ, ಶಾವಿಗೆ, ಕೌದಿ ಮೊದಲಾದ ಕಾರ್ಯಗಳಿಗೂ ಒಂದು ಚರಿತ್ರೆಯುಂಟೆಂಬುದನ್ನೂ, ಆ ಚರಿತ್ರೆಯಲ್ಲಿ ಯಾರ ಹೆಸರು ಬಿಟ್ಟುಹೋಗಿದೆಯೆಂಬುದನ್ನೂ ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶವಾಗಿದೆ.

ಇಂತಹ ಅಲ್ಪವಿಷಯಕ್ಕೆ ಆಧಾರಗ್ರಂಥಗಳೆಲ್ಲಿಯವು ಎಂದು ಕೆಲವರು ಶಂಕಿಸಬಹುದು. ನಮ್ಮ ಪೂರ್ವಿಕರು ಪಾಕವನ್ನು ಅಲ್ಪವೆಂದು ಎಣಿಸಿದವರಲ್ಲ. ಹತ್ತನೆಯ ಶತಮಾನದ ವಡ್ಡಾರಾಧನೆಯಲ್ಲಿಯೇ ಇಡ್ಡಲಿಗೆಯ ಹೆಸರು ಬರುತ್ತದೆ. ಕ್ರಿ. ಶ. 1025ರ ಸುಮಾರಿನಲ್ಲಿ ಚಾಲುಕ್ಯ ಜಯಸಿಂಹನ ಆಶ್ರಯದಲ್ಲಿದ್ದ ಚಾವುಂಡರಾಯನು ತನ್ನ ಲೋಕೋಪಕಾರದಲ್ಲಿ ವೃಕ್ಷಾಯುರ್ವೇದ, ಪಶುವೈದ್ಯಗಳ ಜೊತೆಯಲ್ಲಿಯೇ ಸೂಪಶಾಸ್ತ್ರಕ್ಕೂ ಸ್ಥಾನವನ್ನು ಕೊಟ್ಟನು. ಉದ್ದನ್ನು ಮಜ್ಜಿಗೆಯಲ್ಲಿ ನೆನೆಯಿಟ್ಟು ರುಬ್ಬುವ ವಿಧಾನವು ಅಲ್ಲಿಯೇ ನಮಗೆ ದೊರೆಯುತ್ತದೆ. ಅದಾದ ಸುಮಾರು ನೂರು ವರ್ಷಗಳಿಗೆ, ಕಲ್ಯಾಣದ ಮೂರನೆಯ ಸೋಮೇಶ್ವರನು ಮಾನಸೋಲ್ಲಾಸವೆಂಬ ಸಂಸ್ಕೃತ ಗ್ರಂಥದಲ್ಲಿ ಅನ್ನಭೋಗ, ವಸ್ತ್ರಭೋಗಗಳನ್ನು ಪ್ರತ್ಯೇಕ ಪ್ರಕರಣಗಳಾಗಿ ವಿವರಿಸಿದನು. ಹದಿನಾರನೆಯ ಶತಮಾನದ ಆದಿಭಾಗದಲ್ಲಿ ಮೂರನೆಯ ಮಂಗರಸನು ಷಟ್ಪದಿಯಲ್ಲಿ ಸೂಪಶಾಸ್ತ್ರವನ್ನು ರಚಿಸಿ ಹಿಟ್ಟಿನ ಭಕ್ಷ್ಯಗಳನ್ನು ಮೊದಲಿಗೆ ವರ್ಣಿಸಿದನು. ಕೆಳಗೂ ಮೇಲೂ ಕೆಂಡವನ್ನಿಟ್ಟು ಬೇಯಿಸುವ ಮುಚ್ಚಳರೊಟ್ಟಿಯು ಅವನ ಗ್ರಂಥದಲ್ಲಿದೆ. ಎಂದ ಮೇಲೆ ಗೂಡೊಲೆಯಿಲ್ಲದ ಮನೆಯಲ್ಲಿಯೂ ರೊಟ್ಟಿಯನ್ನು ಎರಡು ಕಡೆಯ ಶಾಖದಿಂದ ಸುಡುವ ಉಪಾಯವು ನಮ್ಮವರಿಗೆ ಐದುನೂರು ವರ್ಷಗಳ ಹಿಂದೆಯೇ ತಿಳಿದಿತ್ತು. ಹದಿನೆಂಟನೆಯ ಶತಮಾನದ ಆರಂಭದಲ್ಲಿ ಕೆಳದಿಯ ಬಸವಪ್ಪನಾಯಕನೂ ತನ್ನ ಶಿವತತ್ತ್ವರತ್ನಾಕರದಲ್ಲಿ ಪಾಕವಿಷಯವನ್ನು ಬಿಡಲಿಲ್ಲ.

ಈ ಗ್ರಂಥಕರ್ತರಲ್ಲಿ ಪ್ರಭುಗಳೂ ಉಂಟು, ರಾಜಾಶ್ರಯವನ್ನು ಬಲ್ಲ ಕವಿಗಳೂ ಉಂಟು, ಎಲ್ಲರೂ ಪುರುಷರು. ಉದ್ದು ಎಷ್ಟು ಹೊತ್ತು ನೆನೆಯಬೇಕು, ಹಿಟ್ಟು ಯಾವ ಹದಕ್ಕೆ ಬರಬೇಕು ಎಂಬುದನ್ನು ಇವರು ಸ್ವತಃ ಒರಳಿನ ಮುಂದೆ ಕುಳಿತು ಕಂಡುಕೊಂಡರೆಂದು ನಂಬುವುದು ಕಷ್ಟ. ಕೈಯಿಂದ ಕೈಗೆ ಬಂದ ಅರಿವನ್ನು ಇವರು ಛಂದಸ್ಸಿಗೆ ಇಳಿಸಿದರೆನ್ನುವುದೇ ಯುಕ್ತವಾಗಿ ತೋರುತ್ತದೆ. ಆ ಕೈಗಳು ಯಾರವೆಂಬುದನ್ನು ಮಾತ್ರ ಯಾರೂ ಬರೆಯಲಿಲ್ಲ.

ಗ್ರಂಥವು ಹೇಳದುದನ್ನು ಶಬ್ದವು ಹೇಳುವುದುಂಟು. ‘ಉಪ್ಪಿನಕಾಯಿ’ ಎಂಬ ಹೆಸರನ್ನೇ ವಿಚಾರಿಸಿ ನೋಡೋಣ. ಇಂದು ಕೆಂಪಗೆ ಹೊಳೆಯದ ಉಪ್ಪಿನಕಾಯಿಯನ್ನು ಎಲೆಯ ತುದಿಗೆ ಬಡಿಸಿದರೆ ಮಕ್ಕಳು ಮುಖ ಸಿಂಡರಿಸುತ್ತಾರೆ. ಆದರೆ ಹೆಸರಿನಲ್ಲಿರುವುದು ಉಪ್ಪು ಮಾತ್ರ, ಮೆಣಸಿನಕಾಯಿಯ ಸುಳಿವೇ ಇಲ್ಲ. ಕಾರಣವೇನೆಂದರೆ, ಮೆಣಸಿನಕಾಯಿಯು ಅಮೆರಿಕ ಖಂಡದ ಬೆಳೆ. ಪೋರ್ಚುಗೀಸರು ಗೋವೆಯನ್ನು ಹಿಡಿದುದು 1510ರಲ್ಲಿ. ಅವರ ನೌಕಾಮಾರ್ಗಗಳ ಮೂಲಕ ಅದು ಆ ಶತಮಾನದಲ್ಲಿ ನಮ್ಮ ಕರಾವಳಿಗೆ ಬಂದಿತು. ಪೂರ್ವಕವಿಗಳ ‘ಮೆಣಸು’ ಮಲೆನಾಡಿನ ಬಳ್ಳಿಯ ಕಾಳು. ಹೊಸಬನು ‘ಮೆಣಸಿನಕಾಯಿ’ಯೆಂದು ಅದರ ಹೆಸರನ್ನು ಪಡೆದು ಮನೆಯೊಳಕ್ಕೆ ಬಂದನು, ಕಾಲಕ್ರಮದಲ್ಲಿ ಹಳೆಯ ಯಜಮಾನನೇ ತನ್ನ ಗುರುತಿಗೆ ‘ಕರಿಮೆಣಸು’, ‘ಕಾಳುಮೆಣಸು’ ಎಂಬ ವಿಶೇಷಣವನ್ನು ಹಚ್ಚಿಕೊಳ್ಳಬೇಕಾಯಿತು. ಇಂದಿಗೂ ಸಂಪ್ರದಾಯಸ್ಥರ ಮನೆಗಳಲ್ಲಿ ಶ್ರಾದ್ಧದ ಅಡುಗೆಗೆ ಮೆಣಸಿನಕಾಯಿಯು ಸಲ್ಲದು, ಕಾಳುಮೆಣಸೇ ಆಗಬೇಕು. ಪಿತೃಗಳು ಉಂಡ ಅನ್ನವು ಹೇಗಿತ್ತೆಂಬುದನ್ನು ಶ್ರಾದ್ಧದ ಎಲೆಯು ನೆನಪಿನಲ್ಲಿಟ್ಟುಕೊಂಡಿದೆ.

ಹಪ್ಪಳವೂ ಹಾಗೆಯೇ. ವಿದ್ವಾಂಸರು ಅದನ್ನು ಸಂಸ್ಕೃತದ ‘ಪರ್ಪಟ’ ಶಬ್ದದೊಡನೆ ಕೂಡಿಸುತ್ತಾರೆ. ಪಾಲು ಹಾಲಾದಂತೆ, ಪೂವು ಹೂವಾದಂತೆ, ಇಲ್ಲಿಯೂ ಪಕಾರವು ಹಕಾರವಾಗಿದೆ. ಉದ್ದಿನ ಹಿಟ್ಟಿಗೆ ಬೆರೆಸುವ ‘ಹಪ್ಪಳದ ಖಾರ’ವು ನಾಲಗೆಯನ್ನುರಿಸುವ ಖಾರವಲ್ಲ, ಅದು ‘ಕ್ಷಾರ’ದ ತದ್ಭವ. ರಸಾಯನಶಾಸ್ತ್ರದ ಒಂದು ಪರಿಭಾಷೆಯು ನಮ್ಮ ಅಜ್ಜಿಯರ ಬಾಯಲ್ಲಿ ಹೀಗೆ ಸದ್ದಿಲ್ಲದೆ ಬಾಳಿದೆ.

ಇನ್ನು ಕಾರ್ಯಕ್ರಮವನ್ನು ನೋಡೋಣ. ಉದ್ದಿನ ಹಿಟ್ಟಿಗೆ ಉಪ್ಪು, ಇಂಗು, ಖಾರದ ನೀರುಗಳನ್ನು ಸೇರಿಸಿ ಗಟ್ಟಿಯಾಗಿ ಕಲಸಿ, ಎಣ್ಣೆಯನ್ನು ಸವರಿ, ಒರಳಿನಲ್ಲಿ ಹಾಕಿ ಒನಕೆಯಿಂದ ಕುಟ್ಟಬೇಕು. ಕುಟ್ಟಿದಷ್ಟೂ ಹಿಟ್ಟು ಮಿದುವಾಗುತ್ತದೆ. ಕುಟ್ಟುವವರ ರಟ್ಟೆಯು ಮಾತ್ರ ಕಲ್ಲಾಗುತ್ತದೆ. ಆಮೇಲೆ ಅದನ್ನು ಹಗ್ಗದಂತೆ ಹೊಸೆದು, ದಾರದಿಂದ ಕತ್ತರಿಸಿ, ಉಂಡೆಗಳನ್ನು ಮಾಡಿ, ಮಣೆಯ ಮೇಲೆ ಬೆಳಕು ಕಾಣುವಷ್ಟು ತೆಳ್ಳಗೆ ಲಟ್ಟಿಸಬೇಕು. ಬಿಸಿಲು ಕಡಮೆಯಾದರೆ ಬೂಷ್ಟು ಹಿಡಿಯುವುದು. ಮಿತಿಮೀರಿದರೆ ಅಂಚು ಸೆಟೆದು ಸೀಳುವುದು. ಕರಾವಳಿಯಲ್ಲಿಯೂ ಮಲೆನಾಡಿನಲ್ಲಿಯೂ ಬಲಿತ ಹಲಸಿನಕಾಯಿಯ ತೊಳೆಗಳನ್ನು ಬೇಯಿಸಿ, ರುಬ್ಬಿ, ಒತ್ತಿ, ಚಾಪೆಯ ಮೇಲೆ ಹರಡುವರು. ಬಯಲುಸೀಮೆಯಲ್ಲಿ ಅರಳುಸಂಡಿಗೆ, ಬೂದುಗುಂಬಳದ ಸಂಡಿಗೆ, ಉಪ್ಪುಮಜ್ಜಿಗೆಯಲ್ಲಿ ನೆನೆಸಿ ಒಣಗಿಸಿದ ಬಾಳಕ. ಉತ್ತರದ ಜಿಲ್ಲೆಗಳಲ್ಲಿ ಶಾವಿಗೆಯ ಮಣೆಯ ಮೇಲೆ ಗೋದಿಯ ಹಿಟ್ಟನ್ನು ಹೊಸೆದು, ಎಳೆಗಳನ್ನು ಕೋಲುಗಳ ಮೇಲೆ ಇಳಿಬಿಡುವರು. ಈ ಕೆಲಸವು ಒಬ್ಬರಿಂದ ಆಗತಕ್ಕದ್ದಲ್ಲ. ಇಂದು ನಮ್ಮ ಮನೆಗೆ ಅವರು, ನಾಳೆ ಅವರ ಮನೆಗೆ ನಾವು, ಹೀಗೆ ಮುಯ್ಯಿಯ ಲೆಕ್ಕದಲ್ಲಿ ಕೇರಿಯ ಹೆಂಗಸರು ಸೇರುತ್ತಿದ್ದರು. ಕಾಗದವಿಲ್ಲದ, ಸಾಕ್ಷಿಯಿಲ್ಲದ ಈ ಸಾಲವು ಮುಂದಿನ ಮಳೆಯೊಳಗೆ ತೀರುತ್ತಿತ್ತು.

ಮಲೆನಾಡಿನ ಅಪ್ಪೆಮಿಡಿಯ ವಿಷಯವನ್ನು ಇನ್ನಷ್ಟು ವಿಸ್ತರಿಸಬೇಕು. ಅಘನಾಶಿನಿ, ಶರಾವತಿ, ವರದಾ ಮುಂತಾದ ಹೊಳೆಗಳ ದಂಡೆಯ ಕಾಡುಮಾವಿನ ಮರಗಳಲ್ಲಿ ಒಂದೊಂದರ ಪರಿಮಳವೂ ಬೇರೆ ಬೇರೆ. ಮಿಡಿಯನ್ನು ನೆಲಕ್ಕೆ ಬೀಳಿಸದೆ, ತೊಟ್ಟು ಮುರಿಯದೆ ಇಳಿಸಬೇಕು. ಪೆಟ್ಟು ತಗುಲಿದ ಒಂದು ಮಿಡಿಯು ಭರಣಿಯನ್ನೇ ಕೆಡಿಸಬಲ್ಲುದು. ಉಪ್ಪಿನಲ್ಲಿ ಹಾಕಿದ ಮಿಡಿಯು ತನ್ನ ನೀರನ್ನು ತಾನೇ ಬಿಟ್ಟು ಸುಕ್ಕುಗಟ್ಟಿದ ಬಳಿಕ, ಆ ನೀರಿನಲ್ಲಿಯೇ ಸಾಸಿವೆ ಮೆಣಸಿನಕಾಯಿಗಳ ಪುಡಿಯನ್ನು ಕಲಸಿ ತುಂಬುವರು. ಉಪ್ಪು ಕಾಯಿಯ ನೀರನ್ನು ಸೆಳೆದು, ಕೊಳೆಸುವ ಜೀವಾಣುಗಳಿಗೆ ನೆಲೆಯಿಲ್ಲದಂತೆ ಮಾಡುತ್ತದೆಂದು ಇಂದಿನ ವಿಜ್ಞಾನವು ವಿವರಿಸುತ್ತದೆ. ಆಗುಂಬೆಯಂತಹ ಊರಿನಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವುದು. ತರಕಾರಿಯ ಗಿಡವು ನಿಲ್ಲದ, ದಾರಿಯು ಸಾಗದ ಆ ತಿಂಗಳುಗಳಲ್ಲಿ ಭರಣಿಯು ರುಚಿಯ ಮಾತಲ್ಲ, ಜೀವನೋಪಾಯದ ಮಾತು. ‘ಊಟಕ್ಕಿಲ್ಲದ ಉಪ್ಪಿನಕಾಯಿ’ ಎಂದು ನಿಂದಿಸುವ ಗಾದೆಯು ಊಟಕ್ಕೆ ಉಪ್ಪಿನಕಾಯಿಯು ಅನಿವಾರ್ಯವೆಂಬುದನ್ನೇ ಹೇಳುತ್ತದಷ್ಟೆ. ಕೊಳ್ಳೇಗಾಲದಲ್ಲಿ ಹುಟ್ಟಿದ ಆಹಾರಚರಿತ್ರಕಾರ ಕೆ. ಟಿ. ಆಚಯ್ಯನವರು, 1594ರಲ್ಲಿ ಗುರುಲಿಂಗದೇಶಿಕನು ರಚಿಸಿದ ಲಿಂಗಪುರಾಣದಲ್ಲಿ ಸುಮಾರು ಐವತ್ತು ಬಗೆಯ ಉಪ್ಪಿನಕಾಯಿಗಳು ಉಕ್ತವಾಗಿರುವುದನ್ನು ತೋರಿಸಿಕೊಟ್ಟಿದ್ದಾರೆ.

ಪ್ರಾಚೀನವೆಂದು ನಾವು ಭಾವಿಸುವುದೆಲ್ಲವೂ ಪ್ರಾಚೀನವಲ್ಲವೆಂಬುದನ್ನೂ ಹೇಳಬೇಕು. ಆಲೂಗಡ್ಡೆಯು ಮೆಣಸಿನಕಾಯಿಯಂತೆಯೇ ಕಡಲಾಚೆಯಿಂದ ಬಂದದ್ದು. ಸಬ್ಬಕ್ಕಿಯನ್ನು ಇಂದು ಮರಗೆಣಸಿನಿಂದ ಮಾಡುವರು. ಆ ಗೆಣಸೂ ದಕ್ಷಿಣ ಅಮೆರಿಕದ್ದು. ಸೇಲಂ ಪ್ರಾಂತದಲ್ಲಿ ಸಬ್ಬಕ್ಕಿಯ ಕಾರ್ಖಾನೆಗಳು ಬೆಳೆದುದು 1940ರ ದಶಕದಿಂದೀಚೆಗೆ. ಉದ್ದಿನ ಹಪ್ಪಳದ ಡಬ್ಬಿಯ ಪಕ್ಕದಲ್ಲಿ ಸಬ್ಬಕ್ಕಿ ಸಂಡಿಗೆಯ ಡಬ್ಬಿಯನ್ನಿಟ್ಟರೆ ಅನೇಕ ಶತಮಾನಗಳ ಅಂತರವು ಒಂದೇ ಅಟ್ಟದ ಮೇಲೆ ಕುಳಿತಂತಾಯಿತು. ಹೊಸದನ್ನು ಪರೀಕ್ಷಿಸಿ, ಹಳೆಯ ವಿಧಾನಕ್ಕೆ ಒಗ್ಗಿಸಿ, ಎರಡನ್ನೂ ಒಂದೇ ಬಿಸಿಲಿನಲ್ಲಿ ಒಣಗಿಸಿದ ಗೃಹಿಣಿಯರನ್ನು ಗತಾನುಗತಿಕರೆಂದು ಕರೆಯುವುದು ನ್ಯಾಯವಲ್ಲ.

ಹಿಟ್ಟು ಒಣಗುವ ಹೊತ್ತಿನಲ್ಲಿ ಸೂಜಿಗೆ ಕೆಲಸ. ಸುಗ್ಗಿಯು ಮುಗಿದು ಬಿತ್ತನೆಯು ಇನ್ನೂ ಆರಂಭವಾಗದ ಬಿಡುವಿನಲ್ಲಿ ಹಳೆಯ ಸೀರೆ ಧೋತ್ರಗಳನ್ನು ಪದರಪದರವಾಗಿ ಹಾಸಿ, ಒತ್ತೊತ್ತಾದ ಹೊಲಿಗೆಯಿಂದ ಕೌದಿಯನ್ನು ಹೊಲಿಯುವರು. ಯಾವ ತುಂಡು ಯಾರ ಮದುವೆಯ ಸೀರೆ, ಯಾವುದು ಯಾರ ತೊಟ್ಟಿಲ ಬಟ್ಟೆ ಎಂಬುದನ್ನು ಬಲ್ಲವಳಿಗೆ ಕೌದಿಯು ಒಂದು ವಂಶಾವಳಿ. ಉತ್ತರಕನ್ನಡ ಜಿಲ್ಲೆಯ ಹಳಿಯಾಳ, ಯಲ್ಲಾಪುರ, ಮುಂಡಗೋಡಗಳ ಸಿದ್ದಿಯರ ಕೌದಿಗಳು ಈಗ ದೇಶಾಂತರಗಳಲ್ಲಿಯೂ ಪ್ರಸಿದ್ಧವಾಗಿವೆ. ಗೋವೆಗೆ ಗುಲಾಮರಾಗಿ ತರಲ್ಪಟ್ಟು, ತಪ್ಪಿಸಿಕೊಂಡು ಘಟ್ಟದ ಕಾಡುಗಳನ್ನು ಸೇರಿದ ಆಫ್ರಿಕದ ಜನರ ಸಂತಾನ ಅವರು. ಚಿಂದಿಯಿಂದ ಬೆಚ್ಚನೆಯ ಹೊದಿಕೆಯನ್ನು ಮಾಡುವ ಅಗತ್ಯವು ಅವರಿಗಿಂತ ಹೆಚ್ಚಾಗಿ ಯಾರಿಗಿದ್ದೀತು! ಧಾರವಾಡದ ಕಡೆಯ ಕಸೂತಿಯು ಬೇರೊಂದು ಬಗೆ. ಗವಂತಿ, ಮುರ್ಗಿ, ನೇಗಿ, ಮೆಂತೆ ಎಂಬ ನಾಲ್ಕು ಹೊಲಿಗೆಗಳಿಂದ, ಬಟ್ಟೆಯ ಮೇಲೆ ಯಾವ ರೇಖೆಯನ್ನೂ ಎಳೆಯದೆ, ಎಳೆಗಳನ್ನು ಎಣಿಸುತ್ತ ಗೋಪುರ, ರಥ, ಆನೆ, ತುಳಸಿಯ ಕಟ್ಟೆಗಳನ್ನು ಮೂಡಿಸುವರು. ಗಂಟು ಹಾಕುವಂತಿಲ್ಲ, ಎಣಿಕೆಯು ಒಂದು ಎಳೆ ತಪ್ಪಿದರೆ ಹೊಲಿಗೆಯು ಹೊರಟ ಸ್ಥಳಕ್ಕೆ ಮರಳಿ ಬಂದು ಕೂಡದು. ಅಕ್ಷರವನ್ನೇ ಕಲಿಯದ ಹೆಣ್ಣುಮಕ್ಕಳು ಈ ಗಣಿತವನ್ನು ಮಾಡುತ್ತಿದ್ದರು. ಅವರನ್ನು ಅನಕ್ಷರಸ್ಥರೆಂದು ಜನಗಣತಿಯ ಪುಸ್ತಕವು ಬರೆದುಕೊಂಡಿತು. ಗಣಿತಜ್ಞರೆಂದು ಬರೆಯುವ ಅಂಕಣವು ಅದರಲ್ಲಿರಲಿಲ್ಲ.

ಈ ವಿದ್ಯೆಯು ಪರಂಪರೆಯಾಗಿ ಇಳಿದುಬಂದ ಬಗೆಯೇನು? ಶಾಲೆಗೆ ಬೇಸಗೆಯ ರಜೆ ಬಂದೊಡನೆ ಮಕ್ಕಳು ಅಜ್ಜಿಯ ಮನೆಗೆ ಹೊರಡುವರು. ಉಪಾಧ್ಯಾಯವೃತ್ತಿಯಲ್ಲಿದ್ದ ನಾವು ಅದನ್ನು ವಿರಾಮವೆಂದು ಕರೆದೆವು. ವಸ್ತುತಃ ಒಂದು ಪಾಠಶಾಲೆಯು ಮುಚ್ಚಿ ಇನ್ನೊಂದು ತೆರೆಯುತ್ತಿತ್ತು. ಚಿಕ್ಕವರಿಗೆ ಕೋಲು ಹಿಡಿದು ಕಾಗೆಯನ್ನು ಓಡಿಸುವ ಕೆಲಸ, ನಡುಪ್ರಾಯದವರಿಗೆ ಉಂಡೆ ಕಟ್ಟುವ ಕೆಲಸ, ಕೈ ಕುದುರಿದವರಿಗೆ ಲಟ್ಟಿಸುವ ಅಧಿಕಾರ. ವೇದಾಧ್ಯಯನದಲ್ಲಿ ಸ್ವರವು ಕಿವಿಯಿಂದ ಕಿವಿಗೆ ಬರುವಂತೆ ಇಲ್ಲಿ ಹದವು ಬೆರಳಿನಿಂದ ಬೆರಳಿಗೆ ಬರುತ್ತಿತ್ತು. ‘ಹಿಟ್ಟು ಕಿವಿಯ ಹಾಲೆಯಷ್ಟು ಮೆತ್ತಗಿರಬೇಕು’ ಎಂಬ ಅಳತೆಯನ್ನು ಯಾವ ತಕ್ಕಡಿಯೂ ತೂಗಲಾರದು.

ಇಷ್ಟರಿಂದ ಆ ಕಾಲವು ಸುಖಮಯವಾಗಿತ್ತೆಂದು ಯಾರೂ ತಿಳಿಯಬಾರದು. ಅಟ್ಟವನ್ನು ತುಂಬಲು ಮೊದಲು ಕಣಜವು ತುಂಬಿರಬೇಕು. 1876ರಿಂದ 1878ರವರೆಗಿನ ಧಾತು ಈಶ್ವರ ಸಂವತ್ಸರಗಳ ಕ್ಷಾಮದಲ್ಲಿ ಮೈಸೂರು ಸಂಸ್ಥಾನದ ಜನರಲ್ಲಿ ಸುಮಾರು ಐದರಲ್ಲಿ ಒಂದು ಪಾಲು ನಾಶವಾಯಿತು. ಅವರ ಅಂಗಳಗಳಲ್ಲಿ ಒಣಗಲು ಏನಿದ್ದೀತು? ಉಳ್ಳವರ ಮನೆಯಲ್ಲಿಯೂ ಮಡಿಯ ಭಾರವೆಲ್ಲವೂ ಹೆಂಗಸರ ತಲೆಯ ಮೇಲೆಯೇ. ಗಂಡನನ್ನು ಕಳೆದುಕೊಂಡು ತವರಿನ ಮೂಲೆಯಲ್ಲಿ ಉಳಿದ ಎಷ್ಟೋ ಮಂದಿ ಎರಡು ಹೊತ್ತಿನ ಅನ್ನಕ್ಕಾಗಿ ವರ್ಷವಿಡೀ ಒನಕೆಯನ್ನು ಹಿಡಿದರು; ಎಷ್ಟೋ ಮಂದಿ ನೆರೆಯವರಿಗೆ ಹಪ್ಪಳವನ್ನು ಮಾಡಿಕೊಟ್ಟು ಮಕ್ಕಳನ್ನು ಓದಿಸಿದರು. ಆ ಮಕ್ಕಳಲ್ಲಿ ವಕೀಲರಾದವರೂ ಪಂಡಿತರಾದವರೂ ಉಂಟು. ತಮ್ಮ ಆತ್ಮಕಥನದಲ್ಲಿ ತಾಯಿಯ ‘ತ್ಯಾಗ’ವನ್ನು ಸ್ತುತಿಸಿದವರು, ತಾಯಿಯ ವಿದ್ಯೆಯನ್ನು ಎಣಿಸಿದ್ದು ಕಡಮೆ.

ಆ ವಿದ್ಯೆಗೆ ಬೆಲೆ ಕಟ್ಟಿದರೆ ಏನಾಗುವುದೆಂಬುದಕ್ಕೆ ನಿದರ್ಶನವು ಮುಂಬಯಿಯಲ್ಲಿ ದೊರೆಯಿತು. 1959ನೆಯ ಇಸವಿ ಮಾರ್ಚಿ 15ರಂದು ಗಿರಗಾಂವದ ಒಂದು ಮಾಳಿಗೆಯ ಮೇಲೆ ಏಳು ಮಂದಿ ಗುಜರಾತಿ ಗೃಹಿಣಿಯರು 80 ರೂಪಾಯಿಗಳ ಸಾಲದಿಂದ ಹಪ್ಪಳವನ್ನು ಮಾಡತೊಡಗಿದರು. ಅದೇ ಲಿಜ್ಜತ್ ಎಂಬ ಸಂಸ್ಥೆಯಾಗಿ ಬೆಳೆದು, ನಲವತ್ತು ಸಾವಿರಕ್ಕೂ ಮಿಕ್ಕ ಸ್ತ್ರೀಯರನ್ನು ಪಾಲುದಾರರನ್ನಾಗಿ ಮಾಡಿಕೊಂಡಿತು. ಆ ಏಳು ಮಂದಿಯಲ್ಲೊಬ್ಬರಾದ ಜಸವಂತಿಬೆನ್ ಪೋಪಟರಿಗೆ 2021ರಲ್ಲಿ ಪದ್ಮಶ್ರೀ ಪ್ರಶಸ್ತಿಯು ಸಂದಿತು. ಲಟ್ಟಣಿಗೆಯು ಅದೇ, ಬಿಸಿಲೂ ಅದೇ; ಲೆಕ್ಕದ ಪುಸ್ತಕವೊಂದೇ ಹೊಸದು. ಇನ್ನುಳಿದ ಮನೆಗಳ ಸ್ಥಿತಿಯನ್ನು 2019ರ ಸರ್ಕಾರೀ ಸಮೀಕ್ಷೆಯು ತೋರಿಸಿದೆ: ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಸ್ತ್ರೀಯರು ದಿನಕ್ಕೆ ಸರಾಸರಿ 299 ನಿಮಿಷಗಳನ್ನೂ, ತೊಡಗಿದ ಪುರುಷರು 97 ನಿಮಿಷಗಳನ್ನೂ ವ್ಯಯಿಸುತ್ತಿದ್ದರು.

ಇಂದು ಹಪ್ಪಳವು ಅಂಗಡಿಯಲ್ಲಿ ದೊರೆಯುವುದರಿಂದ ಅನೇಕರ ರಟ್ಟೆಗೆ ವಿಶ್ರಾಂತಿಯು ಸಿಕ್ಕಿತು. ಅದಕ್ಕಾಗಿ ವ್ಯಸನಪಡಬೇಕಾದುದಿಲ್ಲ, ಒನಕೆಯನ್ನು ಮತ್ತೆ ಹಿಡಿಯಿರೆಂದು ಹೆಂಗಸರಿಗೆ ಉಪದೇಶಿಸುವ ಹಕ್ಕು, ಅದನ್ನು ಎಂದೂ ಹಿಡಿಯದ ನಮ್ಮಂತಹವರಿಗಿಲ್ಲ. ಆದರೆ ಮಾಡುವುದನ್ನು ಬಿಡುವುದು ಬೇರೆ, ಮರೆಯುವುದು ಬೇರೆ. ಚಾವುಂಡರಾಯನಿಗೆ ಹದವನ್ನು ಹೇಳಿಕೊಟ್ಟವಳ ಹೆಸರು ನಮಗೆ ಇನ್ನು ಸಿಕ್ಕಲಾರದು. ನಮ್ಮ ಮನೆಯ ಹಿರಿಯಳ ಹೆಸರಾದರೂ ಸಿಕ್ಕಬಹುದಷ್ಟೆ. ಆದಕಾರಣ ಈ ಪತ್ರಿಕೆಯ ವಾಚಕರಲ್ಲಿ ನಮ್ಮ ವಿಜ್ಞಾಪನೆ ಇಷ್ಟು: ಬರುವ ಬೇಸಗೆಯಲ್ಲಿ ಮನೆಯ ವೃದ್ಧೆಯರ ಬಳಿ ಕುಳಿತು, ಅವರು ಬಲ್ಲ ಒಂದೊಂದು ವಿಧಾನವನ್ನೂ ಅಳತೆ, ಋತು, ಊರುಗಳ ಸಹಿತ ಬರೆದಿಡಿರಿ. ಅದನ್ನು ಅವರು ಯಾರಿಂದ ಕಲಿತರೆಂಬುದನ್ನೂ ಕೇಳಿರಿ. ಬರೆದ ಪುಟದ ಮೇಲ್ಭಾಗದಲ್ಲಿ, ಗ್ರಂಥಕರ್ತನ ಹೆಸರಿರತಕ್ಕ ಸ್ಥಾನದಲ್ಲಿ, ಆ ತಾಯಿಯ ಹೆಸರನ್ನು ಬರೆಯಿರಿ.