ಓಲ್ಡ್ ನಂಬರ್ ಒನ್: ಅಸಲಿ ಯಾವುದು?

ನವೀಕರಿಸಿದ ಹಳೆಯ ಕಾರೊಂದು ಮಾರಾಟಕ್ಕೆ ಬಂದಾಗ ಏಳುವ ಮೊದಲ ಪ್ರಶ್ನೆ: ಇದು ಅಸಲಿಯೇ? 1990ರಲ್ಲಿ ಇದೇ ಪ್ರಶ್ನೆ ಲಂಡನ್ನಿನ ನ್ಯಾಯಾಲಯದ ಮೆಟ್ಟಿಲೇರಿತು.

'ಓಲ್ಡ್ ನಂಬರ್ ಒನ್' ಎಂಬುದು ಆರೂವರೆ ಲೀಟರ್ ಎಂಜಿನ್ನಿನ, ಮೇಲ್ಛಾವಣಿಯಿಲ್ಲದ ಬೆಂಟ್ಲಿ ಕಾರು. 1929 ಮತ್ತು 1930ರಲ್ಲಿ ಫ್ರಾನ್ಸಿನ ಲ ಮಾನ್‌ನಲ್ಲಿ ನಡೆದ 24 ಗಂಟೆಗಳ ಸ್ಪರ್ಧೆಯನ್ನು ಅದು ಗೆದ್ದಿತು. 1932ರಲ್ಲಿ ಅದಕ್ಕೆ 8 ಲೀಟರ್ ಎಂಜಿನ್ ಬಂತು. ಅದೇ ವರ್ಷ ಇಂಗ್ಲೆಂಡಿನ ಬ್ರೂಕ್‌ಲ್ಯಾಂಡ್ಸ್ ಪಥದಲ್ಲಿ ಅಪಘಾತವಾಗಿ ಚಾಲಕ ಕ್ಲೈವ್ ಡನ್‌ಫೀ ಮೃತಪಟ್ಟರು. ಆನಂತರ ಕಾರಿಗೆ ಮುಚ್ಚಿದ ಹೊರಕವಚ ತೊಡಿಸಲಾಯಿತು. ಬದಲಾವಣೆಗಳು ಮುಂದೆಯೂ ನಡೆದವು.

ಮುಂದೆ 1 ಕೋಟಿ ಪೌಂಡಿಗೆ ಮಾರಾಟದ ಒಪ್ಪಂದವಾದಾಗ ಕೊಳ್ಳುವವರು ತಕರಾರು ತೆಗೆದರು. 1929ರ ಭಾಗಗಳು ಅದರಲ್ಲಿ ಉಳಿದಿದ್ದುದು ಸ್ವಲ್ಪವೇ. ಆದರೂ ನ್ಯಾಯಾಧೀಶ ಆಟನ್ ಮಾರುವವರ ಪರ ತೀರ್ಪಿತ್ತರು. ಕಾರು ಹಂತಹಂತವಾಗಿ ಬದಲಾಗಿತ್ತು. ಅದರ ಇತಿಹಾಸ ಎಲ್ಲೂ ತುಂಡಾಗಿರಲಿಲ್ಲ. ಆ ಹೆಸರಿಗೆ ಹಕ್ಕುಳ್ಳ ಬೇರೆ ಕಾರೂ ಇರಲಿಲ್ಲ.

ಭೌತವಿಜ್ಞಾನಕ್ಕೆ ಇದು ಒಪ್ಪುವ ಮಾತೇ. ಒಂದೇ ಸಮಸ್ಥಾನಿಯ ಎರಡು ಕಬ್ಬಿಣದ ಪರಮಾಣುಗಳಲ್ಲಿ ಹಳೆಯದು, ಹೊಸದು ಎಂಬ ಗುರುತಿಲ್ಲ. ಹಾಗಾದರೆ ಅಸಲಿತನ ಎಲ್ಲಿದೆ? ಕಡಿಯದೆ ಬಂದ ಇತಿಹಾಸದಲ್ಲಿ, ಅದನ್ನು ಸಾಬೀತುಪಡಿಸುವ ದಾಖಲೆಯಲ್ಲಿ. ನಿಮ್ಮ ಪ್ರಯೋಗಾಲಯದ ಹಳೆಯ ಉಪಕರಣಕ್ಕೂ ಇದು ಅನ್ವಯಿಸುತ್ತದೆ. ಬದಲಿಸಿದ ಪ್ರತಿ ಭಾಗವನ್ನೂ ದಿನಾಂಕದೊಡನೆ ಬರೆದಿಡಿ.