ನೀಲಿಯ ಒಂದೆಳೆ: ಸತ್ಯವೇದದ ನೂಲೂ ಬಣ್ಣಗಾರರ ಇತಿಹಾಸವೂ

ವಿಮೋಚನಕಾಂಡದ 35ನೆಯ ಅಧ್ಯಾಯವು ದೇವದರ್ಶನದ ಗುಡಾರಕ್ಕಾಗಿ ಜನರು ತಂದ ಕಾಣಿಕೆಗಳನ್ನು ವಿವರಿಸುತ್ತದೆ. ಕುಶಲೆಯರಾದ ಸ್ತ್ರೀಯರು ತಮ್ಮ ಕೈಯಿಂದಲೇ ನೂತು ತಂದದ್ದು ನೀಲಿ, ಧೂಮ್ರ, ರಕ್ತವರ್ಣಗಳ ದಾರ. ಇಲ್ಲಿ ಬಣ್ಣವು ನೆಯ್ದ ಬಟ್ಟೆಯ ಮೇಲೆ ಬಳಿದದ್ದಲ್ಲ. ಮಗ್ಗಕ್ಕೆ ಏರುವ ಮೊದಲೇ ಉಣ್ಣೆಯ ಎಳೆಗಳಿಗೆ ಹಿಡಿಸಿದ್ದು. ನಾವು ಈ ಮೂರು ಬಣ್ಣಗಳನ್ನು ಸಾಮಾನ್ಯವಾಗಿ ಸಂಕೇತಗಳೆಂದು ವ್ಯಾಖ್ಯಾನಿಸುತ್ತೇವೆ. ಆದರೆ ಸಂಕೇತವಾಗುವ ಮೊದಲು ಅವು ಒಂದು ಕಸುಬಿನ ಫಲವಾಗಿದ್ದವು.

ರಕ್ತವರ್ಣವು ಓಕ್ ಮರಗಳ ಮೇಲೆ ಬದುಕುವ ಸಣ್ಣ ಕೀಟದಿಂದ ದೊರೆಯುತ್ತಿತ್ತು. ಅದರ ಹೀಬ್ರೂ ಹೆಸರಿನಲ್ಲಿರುವ ‘ತೋಲಾ’ ಎಂಬ ಶಬ್ದಕ್ಕೆ ಹುಳು ಎಂದೇ ಅರ್ಥ. 22ನೆಯ ಕೀರ್ತನೆಯಲ್ಲಿ ಸಂಕಟಪಡುವವನು ತನ್ನನ್ನು ಹುಳುವೆಂದು ಕರೆದುಕೊಳ್ಳುವಾಗಲೂ ಬರುವುದು ಈ ಶಬ್ದವೇ. ನೀಲಿ ಮತ್ತು ಧೂಮ್ರವರ್ಣಗಳು ಮೆಡಿಟರೇನಿಯನ್ ಸಮುದ್ರದ ಮ್ಯೂರೆಕ್ಸ್ ಜಾತಿಯ ಶಂಖದ ಹುಳುಗಳಿಂದ ಬಂದವು. ಹುಳುವಿನ ಒಂದು ಗ್ರಂಥಿಯ ರಸವು ಮೊದಲು ಬಣ್ಣವಿಲ್ಲದೆ ಇದ್ದು, ಗಾಳಿ ಬೆಳಕು ತಾಕಿದೊಡನೆ ಹಸುರಾಗಿ, ಕೊನೆಗೆ ಧೂಮ್ರವಾಗುತ್ತದೆ. ಗ್ರಂಥಿಗಳನ್ನು ಉಪ್ಪಿನಲ್ಲಿ ಮೂರು ದಿನ ನೆನೆಸಿ, ಬಳಿಕ ಹದವಾದ ಉರಿಯಲ್ಲಿ ಕಾಯಿಸುತ್ತಿದ್ದ ರೀತಿಯನ್ನು ರೋಮಿನ ಪ್ಲಿನಿ ವರ್ಣಿಸಿದ್ದಾನೆ. ಆ ಕೆಲಸದ ದುರ್ನಾತ ಪ್ರಸಿದ್ಧವಾಗಿತ್ತು. 1909ರಲ್ಲಿ ಪಾಲ್ ಫ್ರೀಡ್‌ಲೆಂಡರ್ 12,000 ಹುಳುಗಳಿಂದ ಪಡೆದ ಶುದ್ಧ ವರ್ಣದ್ರವ್ಯ ಕೇವಲ 1.4 ಗ್ರಾಂ. ಯಾಜಕಕಾಂಡದ 11ನೆಯ ಅಧ್ಯಾಯದಂತೆ ಈ ಜೀವಿಗೆ ರೆಕ್ಕೆಯೂ ಇಲ್ಲ, ಪೊರೆಯೂ ಇಲ್ಲ. ಅದು ತಿನ್ನಲು ಅಶುದ್ಧ. ಆದರೂ ಅದರ ರಸದಿಂದಲೇ ಪವಿತ್ರಸ್ಥಾನದ ತೆರೆ ನೆಯ್ಯಲ್ಪಟ್ಟಿತು.

ನಾರುಬಟ್ಟೆಗೆ ಬಣ್ಣ ಸುಲಭವಾಗಿ ಹಿಡಿಯದು, ಉಣ್ಣೆಗೆ ಹಿಡಿಯುತ್ತದೆ. ಆದುದರಿಂದ ಮಹಾಯಾಜಕನ ಏಫೋದಿನಲ್ಲಿ ನಾರೂ ಬಣ್ಣದ ಉಣ್ಣೆಯೂ ಕೂಡಿದ್ದವು. ಸಾಮಾನ್ಯರು ಇಂಥ ಮಿಶ್ರ ನೇಯ್ಗೆಯನ್ನು ಉಡಬಾರದೆಂದು ಧರ್ಮೋಪದೇಶಕಾಂಡ 22:11 ನಿಷೇಧಿಸುತ್ತದೆ. ಆದರೆ ಅರಣ್ಯಕಾಂಡ 15:38 ಪ್ರತಿಯೊಬ್ಬ ಇಸ್ರಾಯೇಲ್ಯನ ಬಟ್ಟೆಯ ಗೊಂಡೆಯಲ್ಲಿಯೂ ನೀಲಿಯ ಒಂದು ದಾರವಿರಬೇಕೆಂದು ವಿಧಿಸುತ್ತದೆ. ನಾರಿನ ಉಡುಪಿನ ಗೊಂಡೆಗೂ ಈ ಉಣ್ಣೆಯ ದಾರವನ್ನು ರಬ್ಬಿಗಳು ಅನುಮತಿಸಿದರು. ಯೆಹೂದಿ ವಿದ್ವಾಂಸರಾದ ಜೇಕಬ್ ಮಿಲ್‌ಗ್ರೋಮ್ ಇದರಲ್ಲಿ ಒಂದು ಗಂಭೀರ ಸತ್ಯವನ್ನು ಕಂಡರು: ಯಾಜಕವಸ್ತ್ರದ ಒಂದೆಳೆ ಪ್ರತಿ ಕೂಲಿಕಾರನ ಸೆರಗಿಗೂ ಇಳಿದುಬಂದು, ಇಡೀ ಜನಾಂಗವು ಯಾಜಕರಾಜ್ಯವೆಂಬುದನ್ನು ಅವನಿಗೆ ದಿನವೂ ನೆನಪಿಸುತ್ತಿತ್ತು. ಪೂರ್ಣ ವಸ್ತ್ರವು ಬಡವನ ಕೈಗೆ ಎಟುಕದು, ಒಂದೆಳೆ ಎಟುಕೀತು.

ಈ ಎಳೆಗೂ ಕಂಟಕ ಬಂತು. ನೀರೋ ಚಕ್ರವರ್ತಿ ತೂರಿನ ಧೂಮ್ರವರ್ಣದ ಬಳಕೆಯನ್ನು ನಿಷೇಧಿಸಿದನು. ಮುಂದಿನ ಶತಮಾನಗಳಲ್ಲಿ ಶ್ರೇಷ್ಠ ಧೂಮ್ರದ ತಯಾರಿಕೆಯು ಅರಮನೆಯ ಕಾರ್ಖಾನೆಗಳಿಗೆ ಸೀಮಿತವಾಯಿತು. ಕ್ರಿ.ಶ. 301ರ ಡಯೊಕ್ಲೀಷಿಯನನ ಬೆಲೆಶಾಸನದಲ್ಲಿ ಒಂದು ಪೌಂಡು ಧೂಮ್ರ ಉಣ್ಣೆಗೆ 50,000 ದೆನಾರಿ. ಹೊಲದ ಆಳಿಗೆ ಊಟದ ಹೊರತು ದಿನಕ್ಕೆ 25. ಅಂದರೆ ಅದು 2,000 ದಿನಗಳ ಕೂಲಿ. ಇಂಥ ಬೆಲೆಯಿದ್ದಲ್ಲಿ ಮೋಸವೂ ಹುಟ್ಟುತ್ತದೆ. ಗಿಡದ ನೀಲಿಯನ್ನು ಶಂಖದ ನೀಲಿಯೆಂದು ಮಾರುವವರನ್ನು ಬಾಬೆಲಿನ ತಾಲ್ಮುದ್ ಎಚ್ಚರಿಸುತ್ತದೆ. ಕಾಲಕ್ರಮದಲ್ಲಿ ಶಂಖದ ನೀಲಿ ಮಾಡುವ ವಿದ್ಯೆಯೇ ಕಳೆದುಹೋಗಿ, ಗೊಂಡೆಗಳು ಬರಿಯ ಬಿಳುಪಾದವು.

ಕನ್ನಡ ಓದುಗರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ‘ನೀಲಿ’ ಎಂಬ ನಮ್ಮ ಮಾತು ನೀಲಿಗಿಡದ ಹೆಸರೂ ಹೌದು. ಗ್ರೀಕರು ಆ ಬಣ್ಣವನ್ನು ‘ಇಂಡಿಕೋನ್’, ಅಂದರೆ ಭಾರತದ್ದು, ಎಂದು ಕರೆದರು. ರಬ್ಬಿಗಳು ನಕಲಿಯೆಂದು ತಳ್ಳಿದ ಬಣ್ಣದ ಹೆಸರಿನಿಂದಲೇ ನಾವು ಗುಡಾರದ ನೀಲಿಯನ್ನು ಓದುತ್ತೇವೆ! ಆದರೆ ಇಪ್ಪತ್ತನೆಯ ಶತಮಾನದ ರಸಾಯನಶಾಸ್ತ್ರವು ಕುತೂಹಲದ ಸಂಗತಿಯೊಂದನ್ನು ತೋರಿಸಿತು. ತೊಟ್ಟಿಯಲ್ಲಿ ಕರಗಿದ ಶಂಖದ ಬಣ್ಣಕ್ಕೆ ಬಿಸಿಲು ತಾಕಿದರೆ ಅದು ಗಿಡದ ನೀಲಿಯೇ ಆಗುತ್ತದೆ. ದ್ರವ್ಯ ಒಂದೇ, ಅಪರಾಧವಿದ್ದದ್ದು ಬಣ್ಣದಲ್ಲಲ್ಲ, ಮಾರುವವನ ಸುಳ್ಳಿನಲ್ಲಿ.

ಈ ಹಿನ್ನೆಲೆಯಲ್ಲಿ ಹೊಸ ಒಡಂಬಡಿಕೆಯ ದೃಶ್ಯಗಳು ಬೇರೆಯಾಗಿ ಕಾಣುತ್ತವೆ. ಲುದ್ಯಳ ಊರಾದ ಥುವತೈರದಲ್ಲಿ ಬಣ್ಣಗಾರರ ಸಂಘವಿತ್ತೆಂದು ಶಾಸನಗಳು ಹೇಳುತ್ತವೆ. ಆ ಊರು ಕಡಲಿನಿಂದ ದೂರವಿದ್ದುದರಿಂದ ಅಲ್ಲಿನ ಧೂಮ್ರವು ಮಂಜಿಷ್ಠದ ಜಾತಿಯ ಬೇರಿನಿಂದ ಬಂದದ್ದೆಂದು ಅನೇಕ ವಿದ್ವಾಂಸರ ಅಭಿಪ್ರಾಯ. ಫಿಲಿಪ್ಪಿಯ ಸಭೆಗೆ ಮನೆ ತೆರೆದವಳು ಇಂಥ ಕಸುಬಿನ ನಂಟುಳ್ಳ ಸ್ತ್ರೀ.

ರಕ್ತಕುಸುಮರೋಗದ ಸ್ತ್ರೀ ಮುಟ್ಟಿದ್ದು ಕರ್ತನ ಬಟ್ಟೆಯ ಗೊಂಡೆಯನ್ನು: ಎಲ್ಲ ಇಸ್ರಾಯೇಲ್ಯರಿಗೂ ಸಲ್ಲುವ ಆ ಸಾಮಾನ್ಯ ಗುರುತನ್ನು. ಮುಂದೆ ಸಿಪಾಯಿಗಳು ಹಾಸ್ಯಕ್ಕಾಗಿ ಆತನಿಗೆ ಹೊದಿಸಿದ್ದನ್ನು ಮಾರ್ಕನು ಧೂಮ್ರವೆನ್ನುತ್ತಾನೆ, ಮತ್ತಾಯನು ರಕ್ತವರ್ಣದ ನಿಲುವಂಗಿಯೆನ್ನುತ್ತಾನೆ. ಚಕ್ರವರ್ತಿಗಳ ಆ ಬಣ್ಣವನ್ನು ಆತನ ಮೈಯಿಂದ ಮತ್ತೆ ತೆಗೆದುಬಿಟ್ಟರು. ಶಿಲುಬೆಯ ಕಡೆಗೆ ಆತನು ನಡೆದದ್ದು ತನ್ನ ಸ್ವಂತ ಬಟ್ಟೆಯಲ್ಲಿ. ತಪಸ್ಸುಕಾಲದಲ್ಲಿ ಧೂಮ್ರವರ್ಣದ ಸ್ಟೋಲನ್ನು ಹೆಗಲಿಗೆ ಹಾಕಿಕೊಳ್ಳುವ ನಾವು, ಅದು ಅರಮನೆಯ ಬಣ್ಣವೋ ಗೊಂಡೆಯ ಎಳೆಯೋ ಎಂದು ಕೇಳಿಕೊಳ್ಳುವುದು ಒಳ್ಳೆಯದು.